ತಂಗಳಿಗೆ ಒಲೆ

ಸಿಪ್ಪೆಯ ಲಾರಿ ಬಂದರೆ
ಕಬುಘೋ ಮೊದಲು ಮಾಡುವ ಕೆಲಸ
ಮೂಟೆಯೊಳಗೆ ಮೊಣಕೈತನಕ ತೋಳು ತೂರಿಸುವುದು.
ಮೀಟರು ಆಮೇಲೆ.
ಅಂಗೈಗೆ ಕಾಫಿ ಸಿಪ್ಪೆ ಅಂಟಿತೋ, ವಾಪಸ್ಸು.
'ಹಸಿ ಸಿಪ್ಪೆಯನ್ನು ಬೆಂಕಿ ತಿನ್ನುವುದಿಲ್ಲ ಕಣೋ,
ಅದೇ ಬೆಂಕಿಯನ್ನು ತಿನ್ನುತ್ತದೆ.'
ತೆಂಬೊ ಗೊಣಗುತ್ತಾನೆ:
ಬೆಟ್ಟ ಬಳಸಿ ಬಂದಿದ್ದೇನೆ, ಮಳೆ ನನ್ನ ತಪ್ಪೇ?

ಗೂಡು ಎಂದರೆ ಇಲ್ಲಿ ಹಕ್ಕಿಯದಲ್ಲ.
ಕಸೇಸೆಯ ಬಯಲಲ್ಲಿ ಓರೆಯಾಗಿ ಮಲಗಿದ ಉಕ್ಕಿನ ಕೊಳವೆ,
ಹಗಲಿರುಳೂ ಹೊರಳುತ್ತದೆ
ನಿದ್ದೆಗೆಟ್ಟ ಬಾಣಂತಿಯ ಹಾಗೆ.
ಹೊಟ್ಟೆಯೊಳಗೆ ಸಾವಿರದ ನಾನೂರೈವತ್ತು ಡಿಗ್ರಿ.
ಮೊದಲು ಅದರ ಬಾಯಿಗೆ
ಮೊಂಬಾಸಾ ಬಂದರಿನ ಕಲ್ಲಿದ್ದಲು ಮಾತ್ರ.
ಈಗ ಮೂರು ತುತ್ತಿಗೆ ಎರಡು ಸಿಪ್ಪೆ.
ಬೀಜ ಹಡಗು ಹತ್ತಿ ಹೋಯಿತು,
ಸಿಪ್ಪೆ ನಮ್ಮಲ್ಲೇ ಉಳಿಯಿತು, ಸದ್ಯ.

ಹೋದ ವರ್ಷ ಒಂದು ಕೋಳಿಪುಕ್ಕ ಹಿಡಿದು
ಗೋಪುರದ ಮೆಟ್ಟಿಲು ಹತ್ತಿದ್ದಳು,
ಕೊಳವೆ ಕೂಡುವಲ್ಲೆಲ್ಲ ಪುಕ್ಕ ಒಡ್ಡುತ್ತ.
ನಾಲ್ಕನೆಯ ಅಂತಸ್ತಿನಲ್ಲಿ ಪುಕ್ಕ
ಯಾರೋ ಕರೆದ ಹಾಗೆ ಒಳಕ್ಕೆ ಬಾಗಿತು.
ಕಿರುಬೆರಳೂ ತೂರದ ಬಿರುಕು.
ಅಷ್ಟರಿಂದ ನುಗ್ಗಿದ ತಣ್ಣನೆ ಗಾಳಿಯನ್ನು ಕಾಯಿಸಲೆಂದೇ
ದಿನವೂ ಟನ್ನುಗಟ್ಟಲೆ ಇದ್ದಿಲು ಉರಿಯುತ್ತಿತ್ತಂತೆ.
ಎಂಜಿನಿಯರು ಪುಕ್ಕ ಕೇಳಿದ.
ಕೊಡಲಿಲ್ಲ.

ಆದರೂ ಲೆಕ್ಕ ಮುಗಿಯಲಿಲ್ಲ, ಅವಳಿಗೆ ಗೊತ್ತು.
ಬೆಂಕಿಯ ಹೊಗೆಯನ್ನು ಬದಲಿಸಬಹುದು,
ಕಲ್ಲಿನದನ್ನು?
ಸುಣ್ಣಕಲ್ಲು ಬೇಯುವಾಗ
ಯಾವ ಕಾಲದ ನೀರಡಿಯಲ್ಲೋ ಕಟ್ಟಿಕೊಂಡ ಉಸಿರನ್ನು
ಒಂದೇ ಸಲಕ್ಕೆ ಬಿಟ್ಟುಬಿಡುತ್ತದೆ.
ಸಿಪ್ಪೆ ಒಟ್ಟಿದರೂ ಬಿಡುತ್ತದೆ,
ಶ್ರೀಗಂಧ ಒಟ್ಟಿದರೂ ಬಿಡುತ್ತದೆ.

ಅದಕ್ಕೇ ಫೋರ್ಟ್ ಪೋರ್ಟಲ್ ಕಡೆಯಿಂದ
ಈಗ ಬೂದಿಗಲ್ಲು ಬರುತ್ತಿದೆ,
ಆರಿದ ಜ್ವಾಲಾಮುಖಿ ಉಗುಳಿ ಮರೆತದ್ದು.
ಹಿಸುಕಿದರೆ ಪುಡಿ.
ಭೂಮಿ ಆಗಲೇ ಬೇಯಿಸಿಟ್ಟಿದೆ,
ಅರೆದು ಬೆರೆಸಿದರೆ ಆಯಿತು:
ಅಷ್ಟು ಸುಣ್ಣಕಲ್ಲು ಗೂಡಿಗೆ ಇಳಿಯುವುದು ತಪ್ಪಿತು.
ಇದನ್ನು ಹೇಳಲು ದೂರದೇಶದವರು ಚಿತ್ರ ಬರೆದು
ಎರಡು ತಾಸು ತೆಗೆದುಕೊಂಡರು.
ಕಬುಘೋಳ ಅಜ್ಜಿ ಒಂದೇ ಮಾತಲ್ಲಿ ಮುಗಿಸುತ್ತಿದ್ದಳು:
ತಂಗಳಿಗೆ ಯಾರಾದರೂ ಒಲೆ ಹೂಡುತ್ತಾರೆಯೇ?

ಮೇಸ್ತ್ರಿ ಮುಹಿಂದೊ ಮಾತ್ರ ಬೈಯುತ್ತಾನೆ,
ಒಡಹುಟ್ಟಿದ ಸಲಿಗೆಯಲ್ಲಿ.
ನಿಮ್ಮ ಬೂದಿ ಸಿಮೆಂಟು ಬೇಗ ಬಿಗಿಯುವುದಿಲ್ಲ,
ಹಲಗೆ ಬಿಚ್ಚಲು ಕಾಯಬೇಕು,
ಕಾದರೆ ಕೂಲಿ ಯಾರು ಕೊಡುತ್ತಾರೆ?
ಅದಕ್ಕೆ ಅವಳಲ್ಲಿ ಉತ್ತರವಿಲ್ಲ.
ತನ್ನ ಮನೆಯ ಹೊಸ್ತಿಲಿಗೆ ಅದೇ ಸಿಮೆಂಟು ಹಾಕಿಸಿ
ಒದ್ದೆ ಗೋಣಿ ಹೊದಿಸಿ
ನಾಲ್ಕು ವಾರ ಹಿತ್ತಿಲ ಬಾಗಿಲಿಂದಲೇ ಓಡಾಡಿದಳು.

ಬೆಳಗಿನ ಜಾವ ಒಂದು ಗಳಿಗೆ ಮೋಡ ಸರಿಯಿತು.
ರುವೆಂಜೋರಿಯ ನೆತ್ತಿಯಲ್ಲಿ ಹಿಮ,
ಯಾರೋ ಅರ್ಧ ಒರೆಸಿ ಬಿಟ್ಟ
ಸೀಮೆಸುಣ್ಣದ ಗೀಟು.
ಅದು ಉಳಿದೀತು ಎಂದು ಅವಳು ಯಾರಿಗೂ ಹೇಳುವುದಿಲ್ಲ.
ಗೇಟಿನಲ್ಲಿ ಮತ್ತೆ ತೆಂಬೊ,
ಎರಡು ದಿನ ಟಾರ್ಪಾಲಿನ ಮೇಲೆ ಸಿಪ್ಪೆ ಹರವಿ
ಬಿಸಿಲು ಕಾದು ಬಂದವನು, ಮುಖ ಇನ್ನೂ ಗಂಟು.
ತೋಳು ಮಡಿಚಿ ಮೂಟೆಗೆ ಕೈ ಹಾಕಿದಳು.
ಗರಗರ ಎಂದಿತು ಒಳಗೆ.
ಕೈ ಹೊರಗೆ ತೆಗೆಯಲು
ಸ್ವಲ್ಪ ತಡ ಮಾಡಿದಳು.