ಒಂಬತ್ತನೇ ರೀಲು

ಡಬ್ಬಿಯ ಮೇಲಿನ ಚೀಟಿ ಯಾವಾಗಲೋ ಹರಿದಿತ್ತು,
ಹಾಗಾಗಿ ಚಿತ್ರದ ಹೆಸರು ನಮಗೆ ಗೊತ್ತಿಲ್ಲ.
ಕೆಮ್ಮೋ ದೊರೆಸಾನಿ ಪಿಕ್ಚರು ಅನ್ನುತ್ತಿದ್ದರು
ಚಾಂಪಿಯನ್ ರೀಫಿನ ಲೈನುಮನೆಗಳಲ್ಲಿ.
ವರ್ಷಕ್ಕೊಮ್ಮೆ, ಬೆಳಗಿನ ರೈಲಿಗೆ,
ಒಂಬತ್ತು ತಗಡಿನ ಡಬ್ಬಿ.
ಊರೂರು ಸುತ್ತಿ ಮೈಯೆಲ್ಲ ಗೀರು;
ದೊರೆಸಾನಿ ನಕ್ಕರೂ ಮಳೆಯಲ್ಲಿ ನಿಂತು ನಕ್ಕ ಹಾಗೆ.

ನಾನು ಅರುಳಪ್ಪನ ಕೈಕೆಳಗೆ ರೀಲು ಸುತ್ತುವ ಹುಡುಗ.
ಹನ್ನೊಂದು ವರ್ಷ. ಕೂಲಿ: ಪುಕ್ಕಟೆ ಸಿನಿಮಾ, ಒಂದು ಬನ್ನು.
ಬೆಂಚ್ ಕ್ಲಾಸಿನಲ್ಲಿ ಇಂಗ್ಲಿಷು ಬಲ್ಲವರಿಲ್ಲ.
ಅರುಳಪ್ಪ ಕಿಂಡಿಯಿಂದ ತಲೆ ಹೊರಹಾಕಿ
ಕನ್ನಡ ತಮಿಳು ತೆಲುಗು ಕಲಸಿ ಕೂಗುತ್ತಿದ್ದ:
"ಗಂಡ ಬಿಟ್ಟ! ಮಗೂನ ಕಿತ್ಕೊಂಡ್ರು!
ಕಾಗದ ಬರೀತಾಳೆ ನೋಡಿ, ಪಾವಂ!"
ಹಿಮ ಬಿದ್ದಾಗ ಮಾತ್ರ ಏನೂ ಹೇಳುತ್ತಿರಲಿಲ್ಲ.
ನಮ್ಮಲ್ಲೇ ಸೈನೈಡ್ ದಿಬ್ಬ ಇತ್ತಲ್ಲ,
ಗಾಳಿ ಎದ್ದರೆ ಬೇಸಗೆಯಲ್ಲೂ ಬೀದಿ ಬೆಳ್ಳಗೆ.
ಅವಳು ಕೆಮ್ಮುವುದೂ ಅದಕ್ಕೇ ಅಂದುಕೊಂಡಿದ್ದೆವು.

ಒಂಬತ್ತನೇ ರೀಲಿನಲ್ಲಿ ಸಾಯುತ್ತಾಳೆ.
ಬಾಡಿಗೆ ಕೋಣೆ, ಆರಿದ ಒಲೆ,
ಕಿಟಕಿಯಾಚೆ ಗಾಡಿ ನಿಲ್ಲುವ ಸದ್ದು.
ಗಂಡ ಮೆಟ್ಟಿಲು ಹತ್ತಿ ಓಡಿಬರುತ್ತಾನೆ,
ಪಿಟೀಲುಗಳೆಲ್ಲ ಅವನ ಹಿಂದೆಯೇ ಹತ್ತುತ್ತವೆ.
ತಡವಾಗಿದೆ, ಆದರೂ
ಅವನ ತೋಳಿನಲ್ಲಿ ಸಾಯುವಷ್ಟು ಹೊತ್ತಿದೆ.

"ಪುಸ್ತಕದಲ್ಲಿ ಅವನು ಬರೋದೇ ಇಲ್ಲ,"
ಒಮ್ಮೆ ರೂತಮ್ಮ ಅಂದಳು, ಕಡಲೆಕಾಯಿ ಬಿಡಿಸುತ್ತ.
ಆಸ್ಪತ್ರೆಯ ಆಯಾ. ಕ್ಲಬ್ಬಿನವರು ಎಸೆದ, ಗೆದ್ದಲು ಹಿಡಿದ ಪುಸ್ತಕವನ್ನು
ಮಿಷನ್ ಸ್ಕೂಲಿನ ಇಂಗ್ಲಿಷಿನಲ್ಲಿ
ಬೆರಳಿಟ್ಟು ಓದಿದ್ದಳು, ಎರಡು ವರ್ಷ.
"ಮೂರು ದಿನ ಆದ್ಮೇಲೆ ಮನೆ ಯಜಮಾನಿ ಬಾಗಿಲು ತೆಗೀತಾಳೆ.
ಕುರ್ಚಿ ಎಷ್ಟು, ಕಂಬಳಿ ಎಷ್ಟು, ಎಣಿಸ್ತಾಳೆ.
ಬಾಡಿಗೆ ಬಾಕಿ ಇತ್ತಲ್ಲ. ಅಲ್ಲಿಗೆ ಮುಗೀತು."
"ಪಿಟೀಲು?" ಅಂದೆ.
"ಪುಸ್ತಕದಲ್ಲಿ ಎಲ್ಲಿಂದ ಬರ್ಬೇಕೋ ಪಿಟೀಲು."

ಅವಳ ಗಂಡನ ದೇಹ ಸಿಕ್ಕಿರಲಿಲ್ಲ.
ಟೈಂ ಆಫೀಸಿನ ಗುಮಾಸ್ತ ಮನೆಗೆ ಬಂದು
ದೀಪ ಒಂದು, ಬೂಟು ಒಂದು ಜೊತೆ,
ಕಂಪನಿಗೆ ಬಾಕಿ ಎಂದು ಬರೆದುಕೊಂಡು ಹೋಗಿದ್ದ.
ಆದರೂ ಪಿಕ್ಚರು ಓಡುವಷ್ಟು ದಿನ ದಿನಾ ಬರುತ್ತಿದ್ದಳು,
ಆ ಸುಳ್ಳು ಗಂಡ ಮೆಟ್ಟಿಲು ಹತ್ತುವುದನ್ನು ನೋಡಲು,
ಎಲ್ಲರಿಗಿಂತ ಜೋರಾಗಿ ಅಳಲು.

ಆ ಶನಿವಾರ, ಸಂಜೆ ಆಟ.
ಗಾಡಿ ನಿಂತಿತು. ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟ.
ನೆಲ ಒಳಗಿಂದ ಗುದ್ದಿತು.
ದೊರೆಸಾನಿಯ ಮುಖ ಎರಡಾಗಿ ಮತ್ತೆ ಒಂದಾಯಿತು,
ಹೆಂಚಿನ ಸಂದಿಯ ಮಣ್ಣು ಬೆಳಕಿನ ಕೋಲಿನೊಳಗೆ ಸುರಿಯಿತು.
"ಏರ್ ಬ್ಲಾಸ್ಟು," ಯಾರೋ ಮೆಲ್ಲಗೆ ಅಂದರು.
ಯಾರೂ ಕಿರುಚಲಿಲ್ಲ. ಬೆಂಚುಗಳು ಉರುಳಿದವು ಅಷ್ಟೆ.
ಅವಳಿಗಾಗಿ ಒದ್ದೆಯಾದ ಸೆರಗಿನಲ್ಲೇ,
ಚಪ್ಪಲಿ ಬಿಟ್ಟು, ಶಾಫ್ಟಿನ ಕಡೆ ಓಡಿದರು.
ಅರುಳಪ್ಪನೂ ಓಡಿದ. ಅವನಣ್ಣ ಕೆಳಗಿದ್ದ.
ಮೆಷಿನ್ನು ನಿಲ್ಲಿಸಲು ಮರೆತಿದ್ದ.

ನಾನು ಕಿಂಡಿಗೆ ಕಣ್ಣಿಟ್ಟೆ.
ಖಾಲಿ ಹಾಲಿನಲ್ಲಿ ಪಿಟೀಲು ತಗಡು ಉಜ್ಜಿದ ಹಾಗೆ.
ಮೂರನೇ ಸಾಲಿನಲ್ಲಿ ಒಂದೇ ಒಂದು ತಲೆ.
ಓಡಲು ರೂತಮ್ಮನಿಗೆ ಕೆಳಗೆ ಯಾರೂ ಉಳಿದಿರಲಿಲ್ಲ.
ಮಡಿಲಿನ ಸಿಪ್ಪೆ ಕೊಡವಿ, ತಿರುಗಿ, ಮೇಲೆ ನೋಡಿ,
"ಲೋ, ನಿಮ್ಮಪ್ಪಂದು ಯಾವ ಶಿಫ್ಟೋ?"

ಎರಡನೇದು.
ನನಗೆ ಗೊತ್ತಿತ್ತು. ಬುತ್ತಿ ಕೊಟ್ಟು ಬಂದವನೇ ನಾನು.
"ರೀಲು ಮುಗೀಲಿ," ಅಂದೆ.

ಅಪ್ಪ ಬಂದ. ರಾತ್ರಿ ಎರಡಕ್ಕೆ, ನಾಲ್ಕನೇ ಕೇಜಿನಲ್ಲಿ,
ಕಿವಿ ತುಂಬ ಮಣ್ಣು.
ತಣ್ಣಗಾದ ಮುದ್ದೆ ಮುರಿದು ಸಾರಿಗೆ ಅದ್ದಿ
ಉಪ್ಪು ಕಮ್ಮಿ ಅಂದು ಮಲಗಿದ.
ಎಲ್ಲಿದ್ದೆ ಎಂದು ಕೇಳಲಿಲ್ಲ,
ಸಾಯುವವರೆಗೂ ಕೇಳಲಿಲ್ಲ.
ಅರುಳಪ್ಪನ ಅಣ್ಣ ಬರಲಿಲ್ಲ.

ಎಂಟು ದಿನ ಹಾಲು ಮುಚ್ಚಿತ್ತು.
ಆಮೇಲೆ ಹೆಂಗಸರು ಅರ್ಧ ಹರಿದ ಟಿಕೆಟ್ಟು ಹಿಡಿದು ಬಂದರು.
ಕೊನೆ ನೋಡಿಲ್ಲ, ಕೊನೆ ಅಷ್ಟು ತೋರಿಸು.
ಅವರಲ್ಲಿ ಇಬ್ಬರ ಕುತ್ತಿಗೆ ಬರಿದಾಗಿತ್ತು.
ಅರುಳಪ್ಪ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ, ನಾನೇ ರೀಲು ಹಾಕಿದೆ.
ಗಾಡಿ ನಿಂತಿತು. ನಾನು ತಲೆ ಹೊರಹಾಕಿ
ಗಂಡ ಬಂದ ಎಂದು ಕೂಗಬೇಕಿತ್ತು.
ಗಂಟಲು ಬಿಡಲಿಲ್ಲ.

ಕೆಳಗೆ ಕತ್ತಲಲ್ಲಿ ರೂತಮ್ಮ ಎದ್ದು ನಿಂತು
ಕೂಗಿದಳು, ಮೂರೂ ಭಾಷೆಯಲ್ಲಿ,
ಬಂದ ಕಣ್ರೇ, ಬಂದ.