ಜೋಲು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ
ಹೊಗೆ ಕುಡಿದ ಗೋಡೆ.
ಮೊದಲ ಮೊಳೆಗೇ ಗಾರೆ ಉದುರಿತು,
ಎರಡನೆಯದಕ್ಕೆ ಒಳಗಿನ ಮಣ್ಣು.
"ಮೆತ್ತಗೆ ಹೊಡಿ ಬೇಟಾ," ಅಂದರು ಶಮೀಮ್‌ಬಿ,
"ಅದು ನನಗಿಂತ ಹಿರೀದು."

ಬೆರಳಲ್ಲಿ ತಟ್ಟಿ ತಟ್ಟಿ ಗಟ್ಟಿ ಇಟ್ಟಿಗೆ ಹುಡುಕಿ
ಗೇಣಿಗೊಂದು ಕ್ಲಿಪ್ಪು.
ಬಿಗಿಯಾದರೆ ಒಳಗಿನ ಗಾಜಿನೆಳೆ ಮುರಿಯುತ್ತೆ,
ಸಡಿಲ ಬಿಟ್ಟರೆ ಕೋತಿ ಜೀಕುತ್ತೆ.

ಕಿಟಕಿ ಪಕ್ಕದ ತೂತಿನ ಹತ್ತಿರ
ಬೇಕಂತಲೇ ಒಂದು ಜೋಲು ಬಿಟ್ಟೆ.
"ಇದ್ಯಾಕೆ ಹೀಗೆ ನೇತಾಡ್ತಾ?"
ಮಳೆನೀರು ವೈರು ಹಿಡಿದೇ ಬರುತ್ತಲ್ಲ,
ಇಲ್ಲಿಗಿಳಿದು, ಹೊರಗೇ ತೊಟ್ಟಿಕ್ಕಿ ಹೋಗಲಿ ಅಂತ.

ಸಂಜೆ ಬಾಕಿ ದುಡ್ಡಿಗೆ ಹೋದೆ.
ಭಟ್ಟಿಯಿಂದ ಬಂದ ಮಗ ಕಟ್ಟೆ ಮೇಲೆ ಕೂತು
ಬೀಡಿ ಮುಗಿಸಿ, ಮೈಯ ಹೊಟ್ಟು ಕೊಡವಿ,
ಮಾಲೀಕನಿಗಿದ್ದ ಬೈಗುಳವನ್ನೆಲ್ಲ ಬೀದಿಗೇ ಉಗಿದು
ಆಮೇಲೆ ಒಳಗೆ ಹೋದ.