ಕಣ್ಣಿಲ್ಲದ ಸೂಜಿ

ಕೌಲ್ ಬಜಾರಿನ ಗೇಟಿನಾಚೆ, ಮಹಡಿಯ ಮೇಲಿನ ದವಾಖಾನೆ.
ಮೊಣಕಾಲು ನೋವಿಗೆ ಬಂದವರಿಗೆ ಹದಿನೇಳು ಮೆಟ್ಟಿಲು!
ಯಾವ ಪುಣ್ಯಾತ್ಮ ಬಾಡಿಗೆಗೆ ಹಿಡಿದನೋ ಈ ಜಾಗ.
ಒಂಬತ್ತರಲ್ಲಿ ನಿಂತು ಗುಡ್ಡ ನೋಡಿದೆ:
ಒಂದೇ ಬಂಡೆ, ಕೀಲೇ ಇಲ್ಲ ಅದಕ್ಕೆ,
ನೋವು ಎಲ್ಲಿಂದ ಬಂದೀತು.

ಮೇಡಂ ಕೇಳಿದರು:
ಸೊನ್ನೆಯಿಂದ ಹತ್ತರವರೆಗೆ, ನಿಮ್ಮ ನೋವು ಎಷ್ಟು ಎರ್ರೆಮ್ಮ?
ಕೊರಳಲ್ಲಿ ಟೇಪು ಇದ್ದಿದ್ದರೆ ಅಳೆದೇ ಹೇಳುತ್ತಿದ್ದೆ.
ಎಂಟೂವರೆ, ಎಂದೆ. ಬೆಳಗಿನ ಜಾವ ಒಂಬತ್ತೂಕಾಲು.
ನಕ್ಕು, ಎಂಟೂವರೆ ಬರೆದುಕೊಂಡರು.

ಆಮೇಲೆ ಸೂಜಿ ತೆಗೆದರು.

ಸೂಜಿಯ ವಿಚಾರ ನನಗೆ ಹೇಳಬೇಡಿ.
ಇಪ್ಪತ್ತಾರು ವರ್ಷ ಜೀನ್ಸ್ ಹೊಲಿದವಳು ನಾನು.
ಹದಿನೆಂಟರ ಸೂಜಿ, ನಾಲ್ಕು ಪದರ ದಪ್ಪ ಬಟ್ಟೆ,
ಬಲಗಾಲಡಿ ಪೆಡಲು, ಪೀಸಿಗಿಷ್ಟು ಅಂತ ದುಡ್ಡು.
ಒಮ್ಮೆ ತೋರುಬೆರಳ ಉಗುರಿಗೇ ಇಳಿದು ಮುರಿದಿತ್ತು.
ಇಕ್ಕಳದಲ್ಲಿ ಕಿತ್ತು, ಅರಿಶಿನ ಒತ್ತಿ,
ಆ ಜೇಬು ಮುಗಿಸಿಯೇ ಎದ್ದಿದ್ದೆ.

ಇದೋ ಕೂದಲಷ್ಟು ಸಣ್ಣ. ತಿರುಗಿಸಿ ನೋಡಿದರೆ
ಕಣ್ಣೇ ಇಲ್ಲ.
“ದಾರ ಎಲ್ಲಿ ಪೋಣಿಸ್ತೀರಿ?”
“ಇದು ಹೊಲಿಯೋ ಸೂಜಿ ಅಲ್ಲಮ್ಮ.”
ಅಷ್ಟರಲ್ಲಿ ಚಿಪ್ಪಿನ ಕೆಳಗೆ ಎರಡು,
ಮೀನಖಂಡದ ಪಕ್ಕ ಒಂದು, ಪಾದದ ಹತ್ತಿರ ಇನ್ನೊಂದು.
ರಕ್ತ ಬರಲಿಲ್ಲ. ಚುಚ್ಚಿದ ಹಾಗೂ ಅಲ್ಲ,
ಭಾರ. ನೆಂದ ಜೀನ್ಸಿನ ಗಂಟು
ತೊಟ್ಟಿಯಿಂದ ಎತ್ತುವಾಗ ತೋಳಿಗೆ ಬರುತ್ತಿತ್ತಲ್ಲ,
ಅದು, ಈಗ ಮೊಣಕಾಲೊಳಗೆ ಬಂದು ಕೂತಿತು.

ಇಪ್ಪತ್ತು ನಿಮಿಷ ಅಲುಗಬೇಡಿ ಎಂದು ಹೋದರು.
ಪಕ್ಕದ ಮಂಚದಲ್ಲಿ ಗಣಿ ಲಾರಿಯ ಡ್ರೈವರು, ಗೊರಕೆ.
ನನ್ನ ಬಲಗಾಲು ಇಲ್ಲದ ಪೆಡಲನ್ನು ಹುಡುಕುತ್ತಿತ್ತು.

ಆಮೇಲೆ ಜಿಲಾನಿ ಬಂದ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡ,
ನೆಲಕ್ಕೆ ಮಂಡಿಯೂರಿ, ಎರಡು ಹೆಬ್ಬೆರಳಲ್ಲಿ
ಚಿಪ್ಪನ್ನು ಆ ಕಡೆ ಈ ಕಡೆ ಸರಿಸಿದ,
ಗುಂಡಿ ಗಟ್ಟಿ ಕೂತಿದೆಯಾ ಅಂತ ನಾವು ನೋಡುವ ಹಾಗೆ.
ಹಿಮ್ಮಡಿ ಹಿಡಿದು ಮೆಲ್ಲಗೆ ಎಳೆದ.
ಬಟ್ಟೆಯ ಓರೆ ತೆಗೆಯುವುದೂ ಹೀಗೇ: ಜಗ್ಗಬಾರದು, ಕಾಯಬೇಕು.
ಒಳಗೆಲ್ಲೋ ಕಟ್ ಅಂದಿತು.
ಇಬ್ಬರೂ ಕೇಳಿಸದಂತೆ ಇದ್ದೆವು.

“ಒಳಗಿನ ಗಾದಿ ಸವೆದೈತಮ್ಮ, ಅದು ವಾಪಸ್ ಬೆಳೆಯಲ್ಲ.
ಸುತ್ತಲ ಬಿಗಿ ಬಿಡಿಸಬಹುದು, ಅಷ್ಟೇ.”
ಅಷ್ಟಾದರೂ ನಿಜ ಹೇಳಿದ ಹುಡುಗ.

ಆಗ ಕಂಡಿತು ಅವನ ಪ್ಯಾಂಟು.
ಎರಡೂ ಮೊಣಕಾಲಲ್ಲಿ ಬಿಳಿ ನೂಲು ಜೋತಿದೆ.
ಹರಿದದ್ದಲ್ಲ, ಹರಿಸಿದ್ದು.
ಕಾಲು ಪೆಡಲಿನ ಮಾತು ಕೇಳದಾದಾಗ ಮಾಲೀಕ
ನನ್ನನ್ನು ಕೂಡಿಸಿದ್ದು ಅದೇ ಕೆಲಸಕ್ಕೆ:
ಕುಕ್ಕರಗಾಲಲ್ಲಿ ಕೂತು, ಉಪ್ಪುಕಾಗದ ಹಿಡಿದು,
ಹೊಸ ಬಟ್ಟೆಯ ಮಂಡಿ ಉಜ್ಜುವುದು, ನೀಲಿ ಹೋಗಿ ಬಿಳಿ ಕಾಣುವವರೆಗೆ.
ದಿನಕ್ಕೆ ಅರವತ್ತು ಮಂಡಿ. ಸವೆದಷ್ಟೂ ರೇಟು.
ಹರಿದ ಸಂದಿಯಲ್ಲಿ ಅವನ ಮೊಣಕಾಲು ನುಣ್ಣಗಿತ್ತು,
ಕಲ್ಲಿಗೆ ಒತ್ತಿದ್ದರೂ ಅದಕ್ಕೇನೂ ಗೊತ್ತಿರಲಿಲ್ಲ.

“ಸೈಡು ಹೊಲಿಗೆ ಬಿಡ್ತಾ ಐತೆ ನೋಡು.
ಸರ್ರಂತ ಪಾದದವರೆಗೂ ಹೋಗ್ತೈತೆ. ಭಾನುವಾರ ತಗಂಡ್ ಬಾ.”
“ಮಂಡಿ ಮಾತ್ರ ಹೊಲಿಬ್ಯಾಡಮ್ಮ, ಅದು ಫ್ಯಾಷನ್ನು.”
ಗೊತ್ತು ಮಗನೇ.

ಇಳಿಯುವಾಗ ಹದಿನೇಳೂ ಎಣಿಸಿದೆ.
ಹನ್ನೊಂದರಲ್ಲಿ ನಿಂತೆ, ನೋವಾಗಿ ಅಲ್ಲ,
ನೋವು ಎಲ್ಲಿ ಹೋಯಿತೆಂದು ನೋಡಲು.
ಇತ್ತು.
ಆರೂಮುಕ್ಕಾಲು.